ನಿಮಗಿದು ಗೊತ್ತೇ? ಪತ್ರಿಕೆಯ ಖರ್ಚು ಯಾರ ಹೆಗಲಿಗೆ!

ಬೆಳಿಗ್ಗೆ ಬಾಗಿಲಿಗೆ ಬಂದು ಬೀಳುವ ಪತ್ರಿಕೆಗೆ ತಗಲುವ ಖರ್ಚು ನಾವು ಕೊಡುವ ಬೆಲೆಗಿಂತ ಹೆಚ್ಚು. ಉಳಿದದ್ದನ್ನು ತುಂಬುತ್ತಿದ್ದುದು ಜಾಹೀರಾತು. ಈ ಲೆಕ್ಕವನ್ನು ಗೆಲ್ಲಿಸಿ ತೋರಿಸಿದವರು ಬೆಂಜಮಿನ್ ಡೇ. 1833ರಲ್ಲಿ ಬೇರೆ ಪತ್ರಿಕೆಗಳಿಗೆ 6 ಸೆಂಟ್ ಬೆಲೆಯಿದ್ದಾಗ ಅವರು ತಮ್ಮ ‘ನ್ಯೂಯಾರ್ಕ್ ಸನ್’ ಪತ್ರಿಕೆಯನ್ನು 1 ಸೆಂಟ್‌ಗೆ ಮಾರಿದರು.

ಆ ಲೆಕ್ಕಕ್ಕೆ ದೊಡ್ಡ ಪೆಟ್ಟು ಕೊಟ್ಟಿದ್ದು ಪುಟ್ಟ ಜಾಹೀರಾತುಗಳು! ‘ಮನೆ ಬಾಡಿಗೆಗಿದೆ’, ‘ಕೆಲಸಕ್ಕೆ ಬೇಕಾಗಿದ್ದಾರೆ’ ಎಂಬ ಸಾಲುಗಳೇ ಅಮೆರಿಕದ ಪತ್ರಿಕೆಗಳಿಗೆ ಅನ್ನ ಹಾಕುತ್ತಿದ್ದವು. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹುಟ್ಟಿದ ಕ್ರೇಗ್ಸ್‌ಲಿಸ್ಟ್ ಎಂಬ ಅಂತರ್ಜಾಲ ಸೇವೆ ಅವುಗಳಲ್ಲಿ ಹೆಚ್ಚಿನವನ್ನು ಬಿಟ್ಟಿಯಾಗಿ ಹಾಕತೊಡಗಿತು. ಉಳಿದದ್ದನ್ನು ಗೂಗಲ್, ಫೇಸ್‌ಬುಕ್ ಕೊಂಡೊಯ್ದವು. ಅಲ್ಲಿನ ಪತ್ರಿಕೆಗಳ ಜಾಹೀರಾತು ಆದಾಯ 2005ರಲ್ಲಿ ಸುಮಾರು 4,900 ಕೋಟಿ ಡಾಲರ್ ಇತ್ತು. 2020ರ ಹೊತ್ತಿಗೆ 1,000 ಕೋಟಿಗೂ ಕೆಳಗಿಳಿಯಿತು. ಅದೇ ವರ್ಷ, ಓದುಗರು ಕೊಟ್ಟ ಹಣ ಜಾಹೀರಾತಿನ ಹಣವನ್ನು ಮೊದಲ ಬಾರಿಗೆ ಮೀರಿತು.

ಈ ಪೆಟ್ಟು ತಾಳದೆ ಅಮೆರಿಕದ ಡೆನ್ವರ್‌ನ ‘ರಾಕಿ ಮೌಂಟನ್ ನ್ಯೂಸ್’ 2009ರ ಫೆಬ್ರವರಿಯಲ್ಲಿ ಮುಚ್ಚಿತು. ಅದಕ್ಕೆ 150 ವರ್ಷ ತುಂಬಲು ಎರಡು ತಿಂಗಳೂ ಉಳಿದಿರಲಿಲ್ಲ.

ವಿಯೆನ್ನಾದ ‘ವೀನರ್ ತ್ಸೈಟುಂಗ್’ 1703ರಲ್ಲಿ ಆರಂಭವಾದ ಸರ್ಕಾರಿ ಒಡೆತನದ ಪತ್ರಿಕೆ. ಕಂಪನಿಗಳು ತಮ್ಮ ಪ್ರಕಟಣೆಗಳನ್ನು ಅದರಲ್ಲಿ ಹಾಕಿಸಲೇಬೇಕೆಂಬ ಕಾನೂನಿನಿಂದ ಅದು ಬದುಕಿತ್ತು. ಕಾನೂನು ಬದಲಾಯಿತು, 2023ರ ಜೂನ್ 30ರಂದು ಕೊನೆಯ ದಿನಸಂಚಿಕೆ ಅಚ್ಚಾಯಿತು. ಸರ್ಕಾರದ ಒಂದೇ ಕೊಂಬೆಗೆ ಜೋತುಬಿದ್ದರೆ ಆಗುವ ಅಪಾಯ ಇದು.

ಗೆದ್ದವರೂ ಇದ್ದಾರೆ. ‘ನ್ಯೂಯಾರ್ಕ್ ಟೈಮ್ಸ್’ 2011ರಲ್ಲಿ ಜಾಲತಾಣದ ಓದಿಗೆ ಚಂದಾ ಇಟ್ಟಿತು. ಈಗ ಅದರ ಚಂದಾದಾರರು ಒಂದು ಕೋಟಿಗೂ ಹೆಚ್ಚು. ಸುದ್ದಿಯಷ್ಟೇ ಅಲ್ಲ, ಅಡುಗೆ ಮತ್ತು ಪದಬಂಧ ಕೂಡ ಜನರನ್ನು ಕರೆತಂದಿವೆ. 2022ರಲ್ಲಿ ‘ವರ್ಡಲ್’ ಆಟವನ್ನೇ ಅದು ಖರೀದಿಸಿತು. ಲಂಡನ್ನಿನ ‘ಗಾರ್ಡಿಯನ್’ ಜಾಲತಾಣದ ಸುದ್ದಿಗೆ ಬೀಗ ಹಾಕಿಲ್ಲ. ಓದುಗರು ಒತ್ತಾಯವಿಲ್ಲದೆ ಕೊಡುವ ಹಣ ಅದರ ದೊಡ್ಡ ಆಸರೆ. ಇದು ನನಗೆ ಎಲ್ಲಕ್ಕಿಂತ ಭರವಸೆ ಕೊಡುವ ಸಂಗತಿ.

ದೊಡ್ಡ ಜಾಲ ಕಂಪನಿಗಳು ಸುದ್ದಿಗೆ ಹಣ ಕೊಡಬೇಕು ಎಂದು ಕೆನಡಾ 2023ರಲ್ಲಿ ಕಾನೂನು ತಂದಾಗ ಗೂಗಲ್ ವರ್ಷಕ್ಕೆ 10 ಕೋಟಿ ಕೆನಡಾ ಡಾಲರ್ ಕೊಡಲು ಒಪ್ಪಿತು. ಮೆಟಾ ಒಪ್ಪಲಿಲ್ಲ, ಅಲ್ಲಿನ ತನ್ನ ಫೇಸ್‌ಬುಕ್, ಇನ್‌ಸ್ಟಾಗ್ರಾಂನಲ್ಲಿ ಸುದ್ದಿಯನ್ನೇ ತಡೆಹಿಡಿಯಿತು.

ನಮ್ಮಲ್ಲಿ ಕಾಗದವೇ ದುಬಾರಿ. ಕೇಂದ್ರ ಸರ್ಕಾರ 2019ರಲ್ಲಿ ಆಮದು ನ್ಯೂಸ್‌ಪ್ರಿಂಟ್‌ಗೆ ಶೇ 10ರಷ್ಟು ಸುಂಕ ಹಾಕಿ, ಮರುವರ್ಷ ಶೇ 5ಕ್ಕೆ ಇಳಿಸಿತು.

ಕಾಗದದ ಮೇಲೆ ಹಂಚಿಕೆಯ ಖರ್ಚು ಬೇರೆ. ಮೈಸೂರಿನ ಸಂಸ್ಕೃತ ದಿನಪತ್ರಿಕೆ ‘ಸುಧರ್ಮಾ’ ಶುರುವಾಗಿದ್ದು 1970ರಲ್ಲಿ. ಅಂಚೆಯಣ್ಣನೇ ಅದನ್ನು ಚಂದಾದಾರರ ಮನೆಗೆ ಮುಟ್ಟಿಸುತ್ತಾ ಬಂದವನು.

ಇ-ಪತ್ರಿಕೆಯ ಪಿಡಿಎಫ್ ಅನ್ನು ಗುಂಪುಗಳಲ್ಲಿ ಹಂಚುವುದು ಹಕ್ಕುಸ್ವಾಮ್ಯದ ಉಲ್ಲಂಘನೆ. ‘ದೈನಿಕ್ ಜಾಗರಣ್’ ಪತ್ರಿಕೆಯನ್ನು ಹೀಗೆ ಹಂಚುತ್ತಿದ್ದ ಚಾನೆಲ್‌ಗಳನ್ನು ತೆಗೆಯುವಂತೆ ದೆಹಲಿ ಹೈಕೋರ್ಟ್ 2020ರಲ್ಲಿ ಟೆಲಿಗ್ರಾಂಗೆ ಆದೇಶಿಸಿತ್ತು. ನಾಳೆ ನಿಮ್ಮ ವಾಟ್ಸ್ಆ್ಯಪ್ ಗುಂಪಿಗೆ ಅಂಥದ್ದು ಬಂದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ. ನಿಮಗೆ ಮೆಚ್ಚುಗೆಯಾದ ಒಂದು ಪತ್ರಿಕೆಗಾದರೂ ಚಂದಾ ಕಟ್ಟಿ.