ಹಳೆಯ ಕಾರುಗಳ ವಿದ್ಯುತ್ ತಂತಿಜಾಲದ ಬದಲಾವಣೆ

ಹಳೆಯ ಕಾರುಗಳ ವಿದ್ಯುತ್ ತಂತಿಜಾಲದ ಬದಲಾವಣೆ ಎಂದರೆ ಹಲವು ದಶಕಗಳಷ್ಟು ಹಳೆಯದಾದ ಕಾರಿನಲ್ಲಿ ಬ್ಯಾಟರಿ, ಡೈನಮೊ, ದೀಪಗಳು, ಸ್ವಿಚ್‌ಗಳು ಮತ್ತು ಎಂಜಿನಿನ ಕಿಡಿ ವ್ಯವಸ್ಥೆಯನ್ನು ಒಂದಕ್ಕೊಂದು ಜೋಡಿಸುವ ತಂತಿಗಳನ್ನು ತೆಗೆದು ಹೊಸದನ್ನು ಅಳವಡಿಸುವ ಕೆಲಸ. ಈ ತಂತಿಗಳನ್ನು ಕವಲೊಡೆದ ಗೊಂಚಲಿನಂತೆ ಒಟ್ಟಿಗೆ ಸುತ್ತಿರುವುದರಿಂದ ಅದನ್ನು ತಂತಿಗೊಂಚಲು ಅಥವಾ ವೈರಿಂಗ್ ಹಾರ್ನೆಸ್ ಎಂದು ಕರೆಯುತ್ತಾರೆ.

ಹಳೆಯ ಕಾರುಗಳ ಪುನರುಜ್ಜೀವನದಲ್ಲಿ ಬಣ್ಣ ಮತ್ತು ಎಂಜಿನಿಗೆ ಸಿಗುವಷ್ಟು ಗಮನ ತಂತಿಗಳಿಗೆ ಸಿಗುವುದಿಲ್ಲ. ಆದರೆ ಅವು ಕಣ್ಣಿಗೆ ಕಾಣದ ಜಾಗಗಳಲ್ಲಿ ಹಾಳಾಗುತ್ತವೆ, ಮತ್ತು ಅವುಗಳ ಪೈಕಿ ಮುಖ್ಯವಾದ ಕೆಲವಕ್ಕೆ ಫ್ಯೂಸಿನ ರಕ್ಷಣೆಯೇ ಇರುವುದಿಲ್ಲ. ಈ ಲೇಖನವು ಮುಖ್ಯವಾಗಿ 1950ರಿಂದ 1970ರ ದಶಕದವರೆಗಿನ ಬ್ರಿಟಿಷ್ ಕಾರುಗಳನ್ನು ಆಧರಿಸಿದೆ. ಅವುಗಳಲ್ಲಿ ಹೆಚ್ಚಿನವು ಬರ್ಮಿಂಗ್‌ಹ್ಯಾಮಿನ ಲ್ಯೂಕಾಸ್ ಸಂಸ್ಥೆಯ ವಿದ್ಯುತ್ ಉಪಕರಣಗಳನ್ನು ಬಳಸುತ್ತಿದ್ದವು.

ಹಿನ್ನೆಲೆ

ಆರಂಭದ ಕಾರುಗಳಲ್ಲಿ ವಿದ್ಯುತ್ತಿನ ಪಾತ್ರ ಬಹಳ ಕಡಿಮೆ. ಕಿಡಿಯನ್ನು ಮ್ಯಾಗ್ನೆಟೊ ಒದಗಿಸುತ್ತಿತ್ತು, ದೀಪಗಳು ಎಣ್ಣೆ ಅಥವಾ ಅಸಿಟಿಲೀನ್ ಅನಿಲದಿಂದ ಉರಿಯುತ್ತಿದ್ದವು, ಎಂಜಿನನ್ನು ಕೈಯಿಂದ ತಿರುಗಿಸಬೇಕಿತ್ತು. 1912ರ ಮಾದರಿಯ ಕ್ಯಾಡಿಲಾಕ್ ಕಾರಿನಲ್ಲಿ ಚಾರ್ಲ್ಸ್ ಕೆಟ್ಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರ್ ಬಂದ ನಂತರ ಬ್ಯಾಟರಿ ಮತ್ತು ಡೈನಮೊ ಕಾರಿನ ಅವಿಭಾಜ್ಯ ಅಂಗಗಳಾದವು. ದಿಕ್ಕುಸೂಚಕ ದೀಪ, ಗಾಜು ಒರೆಸುವ ಮೋಟಾರು, ಹಾರ್ನ್, ಇಂಧನಮಾಪಕ ಮುಂತಾದವು ಒಂದೊಂದಾಗಿ ಸೇರಿಕೊಂಡಂತೆ ತಂತಿಗಳ ಸಂಖ್ಯೆಯೂ ಬೆಳೆಯಿತು.

ಕಾರಿನ ಉಕ್ಕಿನ ದೇಹವನ್ನೇ ಮರಳುವ ದಾರಿಯಾಗಿ ಬಳಸುವುದರಿಂದ ಪ್ರತಿ ಉಪಕರಣಕ್ಕೆ ಒಂದೇ ತಂತಿ ಸಾಕಾಗುತ್ತದೆ. ಇದರಿಂದ ತಾಮ್ರ ಉಳಿಯುತ್ತದೆ. ಆದರೆ ಹೊದಿಕೆ ಕಿತ್ತುಹೋದ ತಂತಿ ಕಾರಿನ ಯಾವ ಲೋಹದ ಭಾಗಕ್ಕೆ ತಗುಲಿದರೂ ಅಲ್ಲಿಯೇ ಶಾರ್ಟ್ ಸರ್ಕ್ಯೂಟ್ ಆಗುತ್ತದೆ.

ತಂತಿಗಳು ಹಾಳಾಗುವ ಬಗೆ

ಹಳೆಯ ತಂತಿಗಳಲ್ಲಿ ತಾಮ್ರದ ಎಳೆಗಳ ಮೇಲೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿಯ ನೂಲಿನ ಹೆಣಿಗೆ ಇರುತ್ತಿತ್ತು. ಶಾಖ, ಎಣ್ಣೆ ಮತ್ತು ಗಾಳಿಯಲ್ಲಿನ ಆಮ್ಲಜನಕದಿಂದ ರಬ್ಬರು ಕ್ರಮೇಣ ಗಡುಸಾಗಿ ಬಿರುಕು ಬಿಡುತ್ತದೆ. ಹೊರಗಿನ ನೂಲಿನ ಹೆಣಿಗೆ ಗಟ್ಟಿಯಾಗಿಯೇ ಇದ್ದರೆ ಒಳಗಿನ ರಬ್ಬರು ಪುಡಿಯಾಗಿರುವುದು ಹೊರಗೆ ತಿಳಿಯುವುದಿಲ್ಲ. ತಂತಿಯನ್ನು ಬಾಗಿಸಿದಾಗ ಮಾತ್ರ ಅದು ಉದುರುತ್ತದೆ. ಆದ್ದರಿಂದ ಹಲವು ವರ್ಷ ತೊಂದರೆ ಕೊಡದೆ ಇದ್ದ ತಂತಿಜಾಲ, ಬೇರೊಂದು ದುರಸ್ತಿಗಾಗಿ ಅದನ್ನು ಅಲುಗಾಡಿಸಿದ ನಂತರ ಕೆಡುವುದುಂಟು.

ನಂತರ ಬಂದ ಪಿವಿಸಿ ಹೊದಿಕೆ ಹೆಚ್ಚು ಬಾಳಿಕೆ ಬರುತ್ತದೆ. ಆದರೂ ಅದನ್ನು ಮೃದುವಾಗಿಡುವ ರಾಸಾಯನಿಕಗಳು ಕಾಲಾನಂತರದಲ್ಲಿ ಹೊರಟುಹೋಗಿ, ಎಂಜಿನಿನ ಬಳಿಯ ತಂತಿಗಳು ಒಣ ಕಡ್ಡಿಯಂತಾಗುತ್ತವೆ. ತುದಿಯಲ್ಲಿ ಸೇರಿದ ನೀರು ಎಳೆಗಳ ನಡುವೆ ಹರಿದು ಒಳಗಿನ ತಾಮ್ರವನ್ನೂ ಕಪ್ಪಾಗಿಸುತ್ತದೆ. ಹೀಗೆ ಕಪ್ಪಾದ ತಾಮ್ರಕ್ಕೆ ಬೆಸುಗೆ ಸರಿಯಾಗಿ ಹಿಡಿಯುವುದಿಲ್ಲ.

ಮೂರನೆಯ ಕಾರಣ ಮನುಷ್ಯರದ್ದು. ರೇಡಿಯೊ, ಹೆಚ್ಚುವರಿ ದೀಪ, ಕಳ್ಳರನ್ನು ತಡೆಯುವ ಅಲಾರಂ ಮುಂತಾದವನ್ನು ಜೋಡಿಸಲು ಹಿಂದಿನ ಮಾಲೀಕರು ಅಲ್ಲಲ್ಲಿ ತಂತಿಯನ್ನು ಕತ್ತರಿಸಿ, ಹೊಸೆದು, ಟೇಪು ಸುತ್ತಿರುತ್ತಾರೆ. ಇಂತಹ ಜೋಡಣೆಗಳು ಯಾವ ನಕ್ಷೆಯಲ್ಲೂ ಇರುವುದಿಲ್ಲ.

ವೋಲ್ಟೇಜ್ ನಷ್ಟ

ಹಳೆಯ ಕಾರುಗಳ ಮಂಕು ದೀಪಕ್ಕೆ ಬ್ಯಾಟರಿಯನ್ನು ದೂರುವುದು ವಾಡಿಕೆ. ಎಷ್ಟೋ ಸಲ ಕಾರಣ ತುಕ್ಕು ಹಿಡಿದ ಜೋಡಣೆಯಾಗಿರುತ್ತದೆ. ತಲಾ 60 ವ್ಯಾಟಿನ ಎರಡು ಮುಂದೀಪಗಳು 12 ವೋಲ್ಟಿನಲ್ಲಿ ಒಟ್ಟು 10 ಆಂಪಿಯರ್ ಪ್ರವಾಹವನ್ನು ಎಳೆಯುತ್ತವೆ. ಆ ದಾರಿಯಲ್ಲಿನ ಒಂದು ಜೋಡಣೆಯ ರೋಧ ಕೇವಲ 0.1 ಓಮ್ ಇದ್ದರೂ ಅಲ್ಲಿ 1 ವೋಲ್ಟ್ ನಷ್ಟವಾಗಿ, ಸುಮಾರು 10 ವ್ಯಾಟ್ ಶಾಖ ಆ ಪುಟ್ಟ ಜಾಗದಲ್ಲೇ ಹುಟ್ಟುತ್ತದೆ. ಆ ಶಾಖ ಜೋಡಣೆಯನ್ನು ಇನ್ನಷ್ಟು ಕೆಡಿಸುತ್ತದೆ.

ತಂತುದೀಪದ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಕುಗ್ಗುತ್ತದೆ. ವೋಲ್ಟೇಜ್ ಶೇಕಡ 10ರಷ್ಟು ಇಳಿದರೆ ಬೆಳಕು ಸುಮಾರು ಶೇಕಡ 30ರಷ್ಟು ಇಳಿಯುತ್ತದೆ. ಆದ್ದರಿಂದ ತಂತಿಜಾಲದ ಸ್ಥಿತಿ ರಾತ್ರಿಯ ಚಾಲನೆಯ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದೆ.

ಫ್ಯೂಸ್ ಮತ್ತು ಬೆಂಕಿಯ ಅಪಾಯ

ಫ್ಯೂಸ್ ಇರುವುದು ಮುಖ್ಯವಾಗಿ ತಂತಿಯನ್ನು ಕಾಪಾಡಲು. ತಂತಿ ತಾಳಿಕೊಳ್ಳುವ ಪ್ರವಾಹವನ್ನು ಮೀರುವ ಮೊದಲೇ ಫ್ಯೂಸ್ ಕರಗಬೇಕು. ಮಾರಿಸ್ ಮೈನರಿನಂತಹ ಕಾರಿನಲ್ಲಿ ಇಡೀ ವ್ಯವಸ್ಥೆಗೆ ಇದ್ದುದು ಎರಡೇ ಫ್ಯೂಸುಗಳು. ಮುಂದೀಪಗಳು, ಕಿಡಿ ವ್ಯವಸ್ಥೆ ಮತ್ತು ಬ್ಯಾಟರಿಯಿಂದ ಬರುವ ಮುಖ್ಯ ತಂತಿ ಫ್ಯೂಸಿನ ಹೊರಗೇ ಉಳಿದಿದ್ದವು. ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಪ್ರವಾಹವನ್ನು ಕೊಡಬಲ್ಲದು. ಫ್ಯೂಸ್ ಇಲ್ಲದ ತಂತಿಯೊಂದು ದೇಹಕ್ಕೆ ತಗುಲಿದರೆ ಅದು ಕೆಲವೇ ಕ್ಷಣಗಳಲ್ಲಿ ಕೆಂಪಗೆ ಕಾದು, ಗೊಂಚಲಿನಲ್ಲಿ ತನ್ನ ಪಕ್ಕದ ತಂತಿಗಳ ಹೊದಿಕೆಯನ್ನೂ ಕರಗಿಸುತ್ತದೆ. ಕಾರು ನಿಂತಿದ್ದು ಕೀಲಿ ತೆಗೆದಿದ್ದರೂ ಈ ಅಪಾಯ ಇದ್ದೇ ಇರುತ್ತದೆ.

ಫ್ಯೂಸಿನ ಅಂಕಿಯನ್ನು ಓದುವುದರಲ್ಲಿಯೂ ಎಚ್ಚರ ಬೇಕು. ಲ್ಯೂಕಾಸಿನ ಹಳೆಯ ಗಾಜಿನ ಫ್ಯೂಸಿನ ಮೇಲಿನ 35 ಎಂಬ ಅಂಕಿ ಅದು ಕರಗುವ ಪ್ರವಾಹವನ್ನು ಸೂಚಿಸುತ್ತದೆ. ಅದು ನಿರಂತರವಾಗಿ ಹೊರಬಲ್ಲದ್ದು ಅದರ ಅರ್ಧದಷ್ಟು, ಅಂದರೆ ಸುಮಾರು 17 ಆಂಪಿಯರ್. ಇತರ ಹಲವು ಪದ್ಧತಿಗಳಲ್ಲಿ ಅಂಕಿಯು ನಿರಂತರ ಪ್ರವಾಹವನ್ನು ಹೇಳುತ್ತದೆ. ಆದ್ದರಿಂದ ಹಳೆಯ 35ರ ಬದಲಿಗೆ ಅಂಥ 35ರ ಫ್ಯೂಸನ್ನು ಹಾಕಿದರೆ ತಂತಿಗೆ ಸಿಗಬೇಕಾದ ರಕ್ಷಣೆ ಸಿಗುವುದಿಲ್ಲ.

ಬಣ್ಣಗಳ ಸಂಕೇತ

ಬ್ರಿಟಿಷ್ ಕಾರುಗಳಲ್ಲಿ ತಂತಿಯ ಬಣ್ಣ ಅದರ ಕೆಲಸವನ್ನು ಹೇಳುತ್ತದೆ. ಈ ಪದ್ಧತಿಯನ್ನು ಮುಂದೆ ಬಿಎಸ್ ಎಯು 7 ಎಂಬ ಬ್ರಿಟಿಷ್ ಮಾನಕದಲ್ಲಿ ಕ್ರೋಡೀಕರಿಸಲಾಯಿತು. ಮುಖ್ಯ ಬಣ್ಣಗಳು ಹೀಗಿವೆ:

• ಕಂದು – ಬ್ಯಾಟರಿಯಿಂದ ನೇರವಾಗಿ ಬರುವ, ಫ್ಯೂಸ್ ಇಲ್ಲದ ತಂತಿ
• ನೇರಳೆ – ಕೀಲಿ ತೆಗೆದಿದ್ದರೂ ವಿದ್ಯುತ್ ಇರುವ, ಫ್ಯೂಸಿನ ಮೂಲಕ ಬರುವ ತಂತಿ
• ಬಿಳಿ – ಕೀಲಿ ತಿರುಗಿಸಿದಾಗ ಮಾತ್ರ ವಿದ್ಯುತ್ ಬರುವ, ಫ್ಯೂಸ್ ಇಲ್ಲದ ತಂತಿ
• ಹಸಿರು – ಕೀಲಿಯ ನಿಯಂತ್ರಣದಲ್ಲಿದ್ದು ಫ್ಯೂಸಿನ ಮೂಲಕ ಬರುವ ತಂತಿ
• ಕೆಂಪು – ಬದಿಯ ಮತ್ತು ಹಿಂಬದಿಯ ದೀಪಗಳು
• ನೀಲಿ – ಮುಂದೀಪಗಳು
• ಕಪ್ಪು – ಭೂಸಂಪರ್ಕ

ಮುಖ್ಯ ಬಣ್ಣದ ಮೇಲಿನ ಗೆರೆ ಉಪವಿಭಾಗವನ್ನು ಸೂಚಿಸುತ್ತದೆ. ಉದಾಹರಣೆಗೆ, ನೀಲಿಯ ಮೇಲೆ ಬಿಳಿ ಗೆರೆ ಇದ್ದರೆ ದೂರದ ಬೆಳಕು, ಕೆಂಪು ಗೆರೆ ಇದ್ದರೆ ತಗ್ಗಿಸಿದ ಬೆಳಕು. ನೂಲಿನ ಹೆಣಿಗೆಯ ಬಣ್ಣ ಮಾಸಿ ಕಂದು, ಕೆಂಪು, ನೇರಳೆಗಳೆಲ್ಲ ಒಂದೇ ಆಗಿ ಕಾಣುವುದರಿಂದ ಬಣ್ಣವೊಂದನ್ನೇ ನಂಬದೆ ಮೀಟರಿನಿಂದ ಪರೀಕ್ಷಿಸಬೇಕಾಗುತ್ತದೆ.

ಬದಲಾವಣೆಯ ಕ್ರಮ

ದಾಖಲೀಕರಣ: ಮೊದಲು ಬ್ಯಾಟರಿಯ ಸಂಪರ್ಕವನ್ನು ತೆಗೆಯಬೇಕು. ಅನಂತರ ಆ ಮಾದರಿಯ ಮತ್ತು ಆ ವರ್ಷದ ತಂತಿನಕ್ಷೆಯನ್ನು ಎದುರಿಗಿಟ್ಟುಕೊಂಡು ಪ್ರತಿ ತುದಿಯನ್ನೂ ಗುರುತಿಸಿ, ಚೀಟಿ ಕಟ್ಟಿ, ಛಾಯಾಚಿತ್ರ ತೆಗೆಯಲಾಗುತ್ತದೆ. ಗೊಂಚಲು ಎಲ್ಲಿ ಬಾಗುತ್ತದೆ, ಯಾವ ಕ್ಲಿಪ್ಪಿನಲ್ಲಿ ಕೂರುತ್ತದೆ, ಯಾವ ರಂಧ್ರದಲ್ಲಿ ನುಸುಳುತ್ತದೆ ಎಂಬುದನ್ನೂ ದಾಖಲಿಸಬೇಕು. ನಕ್ಷೆಯಲ್ಲಿ ಸಂಪರ್ಕಗಳು ಸಿಗುತ್ತವೆ, ತಂತಿ ಸಾಗುವ ದಾರಿ ಸಿಗುವುದಿಲ್ಲ.

ಗೊಂಚಲಿನ ಆಯ್ಕೆ: ಜನಪ್ರಿಯ ಮಾದರಿಗಳಿಗೆ ಸಿದ್ಧ ಗೊಂಚಲುಗಳು ದೊರೆಯುತ್ತವೆ. ಅಪರೂಪದ ಕಾರುಗಳಿಗೆ ಹಳೆಯ ಗೊಂಚಲನ್ನು ಹಲಗೆಯ ಮೇಲೆ ಹರಡಿ, ಪ್ರತಿ ಕವಲಿನ ಉದ್ದವನ್ನು ಅಳೆದು ಹೊಸದನ್ನು ಹೆಣೆಯುತ್ತಾರೆ. ತಂತಿಯ ದಪ್ಪವನ್ನು ಎಳೆಗಳ ಸಂಖ್ಯೆ ಮತ್ತು ಎಳೆಯ ವ್ಯಾಸದಿಂದ ಹೇಳುವುದು ರೂಢಿ. 0.30 ಮಿಲಿಮೀಟರಿನ 14 ಎಳೆಗಳ ತಂತಿಯ ಅಡ್ಡಕೊಯ್ತ 1 ಚದರ ಮಿಲಿಮೀಟರು, ಅದು ಸುಮಾರು 8.75 ಆಂಪಿಯರ್ ಹೊರಬಲ್ಲದು. 28 ಎಳೆಗಳದ್ದು ಅದರ ಎರಡರಷ್ಟು, ಅಂದರೆ ಸುಮಾರು 17.5 ಆಂಪಿಯರ್ ಹೊರುತ್ತದೆ. ತಂತಿ ಉದ್ದವಾದಷ್ಟೂ ವೋಲ್ಟೇಜ್ ನಷ್ಟ ಹೆಚ್ಚುವುದರಿಂದ ಹಿಂಬದಿಗೆ ಹೋಗುವ ತಂತಿಗಳಿಗೆ ಹೆಚ್ಚು ದಪ್ಪ ಬೇಕಾಗಬಹುದು.

ತೆಗೆಯುವುದು ಮತ್ತು ಕೂರಿಸುವುದು: ಬಾಗಿಲಿನ ಕೆಳಗಿನ ಪೆಟ್ಟಿಗೆಯಂತಹ ಭಾಗ ಅಥವಾ ಮಾಡಿನ ಕಂಬದಂತಹ ಮುಚ್ಚಿದ ಜಾಗಗಳಲ್ಲಿ ಹಾದುಹೋಗುವ ಗೊಂಚಲಿನ ತುದಿಗೆ ಗಟ್ಟಿ ದಾರವನ್ನು ಕಟ್ಟಿ ಎಳೆಯುತ್ತಾರೆ. ಹಳೆಯದು ಹೊರಬಂದಾಗ ದಾರ ಅದರ ಜಾಗದಲ್ಲಿ ಉಳಿಯುತ್ತದೆ, ಅದೇ ದಾರದಿಂದ ಹೊಸದನ್ನು ಒಳಗೆ ಎಳೆದುಕೊಳ್ಳಬಹುದು. ತಂತಿ ಉಕ್ಕಿನ ತಗಡನ್ನು ದಾಟುವ ಪ್ರತಿ ರಂಧ್ರಕ್ಕೂ ಹೊಸ ರಬ್ಬರ್ ಬಳೆ ಇರಬೇಕು. ಅದಿಲ್ಲದಿದ್ದರೆ ಕಾರಿನ ಕಂಪನಕ್ಕೆ ತಗಡಿನ ಅಂಚು ಗರಗಸದಂತೆ ತಂತಿಯನ್ನು ಕೊಯ್ಯುತ್ತದೆ.

ಜೋಡಣೆಗಳು: ಲ್ಯೂಕಾಸ್ ವ್ಯವಸ್ಥೆಯಲ್ಲಿ ತಂತಿಯ ತುದಿಗೆ ಗುಂಡಿನಾಕಾರದ ಹಿತ್ತಾಳೆಯ ತುಂಡನ್ನು ಜೋಡಿಸಿ, ರಬ್ಬರ್ ತೋಳಿನ ಒಳಗಿನ ಲೋಹದ ಕೊಳವೆಗೆ ಒತ್ತಿ ಕೂರಿಸಲಾಗುತ್ತದೆ. ತುದಿಗಳನ್ನು ಬೆಸುಗೆಯಿಂದ ಅಥವಾ ಸೂಕ್ತ ಇಕ್ಕಳದಿಂದ ಒತ್ತಿ ಭದ್ರಪಡಿಸಬಹುದು. ಬೆಸುಗೆ ಎಳೆಗಳೊಳಗೆ ಹರಿದು ತಂತಿಯನ್ನು ಬಿರುಸಾಗಿಸಿದರೆ, ಬಿರುಸು ಮುಗಿಯುವ ಜಾಗದಲ್ಲಿ ಕಂಪನದಿಂದ ತಂತಿ ಮುರಿಯುವ ಸಂಭವವಿದೆ. ಹಳೆಯ ಕೊಳವೆಗಳನ್ನು ಹೊಸ ಗೊಂಚಲಿಗೆ ಮತ್ತೆ ಬಳಸುವುದು ಸಾಮಾನ್ಯ ತಪ್ಪು.

ಭೂಸಂಪರ್ಕ: ಹೊಸ ಬಣ್ಣ ಬಳಿದ ಕಾರಿನಲ್ಲಿ ವಿದ್ಯುತ್ ಕೆಲಸ ಮಾಡದಿರಲು ಬಣ್ಣವೇ ಕಾರಣವಾಗಿರುವುದುಂಟು, ಏಕೆಂದರೆ ಅದು ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಸಂಪರ್ಕದ ಜಾಗವನ್ನು ಲೋಹ ಕಾಣುವವರೆಗೆ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಎಂಜಿನು ರಬ್ಬರಿನ ಮೇಲೆ ಕುಳಿತಿರುವುದರಿಂದ ಅದಕ್ಕೂ ದೇಹಕ್ಕೂ ನಡುವಿನ ದಪ್ಪ ಪಟ್ಟಿ ಅತ್ಯಗತ್ಯ. ಆ ಪಟ್ಟಿ ಇಲ್ಲವಾದರೆ ಸ್ಟಾರ್ಟರಿನ ಪ್ರವಾಹವೆಲ್ಲ ಆಕ್ಸಿಲರೇಟರ್ ಅಥವಾ ಚೋಕ್ ಕೇಬಲಿನ ಮೂಲಕ ಹರಿದು ಅದನ್ನು ಸುಡಬಹುದು.

ಪರೀಕ್ಷೆ: ಬ್ಯಾಟರಿಯನ್ನು ನೇರವಾಗಿ ಜೋಡಿಸದೆ, ಅದರ ಒಂದು ತಂತಿಯ ದಾರಿಯಲ್ಲಿ 21 ವ್ಯಾಟಿನ ಬಲ್ಬನ್ನು ಸರಣಿಯಾಗಿ ಸೇರಿಸುವುದು ಒಳ್ಳೆಯ ಕ್ರಮ. ಎಲ್ಲ ಸ್ವಿಚ್‌ಗಳೂ ಮುಚ್ಚಿದ್ದಾಗ ಬಲ್ಬು ಉರಿಯಬಾರದು. ಪ್ರಕಾಶಮಾನವಾಗಿ ಉರಿದರೆ ಎಲ್ಲೋ ಶಾರ್ಟ್ ಸರ್ಕ್ಯೂಟ್ ಇದೆ ಎಂದರ್ಥ. ಬಲ್ಬು ಪ್ರವಾಹವನ್ನು 2 ಆಂಪಿಯರಿಗಿಂತ ಕಡಿಮೆಗೆ ತಡೆಹಿಡಿಯುವುದರಿಂದ ಹೊಸ ತಂತಿಗಳು ಸುಡುವುದಿಲ್ಲ. ಆಮೇಲೆ ಒಂದೊಂದೇ ಮಂಡಲವನ್ನು ಪರೀಕ್ಷಿಸಿ, ಕೊನೆಗೆ ಬ್ಯಾಟರಿಯನ್ನು ಪೂರ್ಣವಾಗಿ ಜೋಡಿಸಲಾಗುತ್ತದೆ.

ಧ್ರುವ ಬದಲಾವಣೆ

1960ರ ದಶಕದ ಮಧ್ಯದವರೆಗೂ ಹೆಚ್ಚಿನ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನಧ್ರುವವನ್ನು ದೇಹಕ್ಕೆ ಜೋಡಿಸುತ್ತಿದ್ದರು. 1962ರಲ್ಲಿ ಬಂದ ಎಂಜಿಬಿ ಕಾರು 1967ರವರೆಗೆ ಇದೇ ಪದ್ಧತಿಯಲ್ಲಿತ್ತು. ತಂತಿಜಾಲ ಬದಲಿಸುವಾಗ ಕೆಲವರು ಇದನ್ನು ಇಂದಿನ ಋಣಧ್ರುವ ಪದ್ಧತಿಗೆ ತರುತ್ತಾರೆ. ಆಗ ಬ್ಯಾಟರಿಯ ಜೊತೆಗೆ ಕಿಡಿಸುರುಳಿಯ ಮತ್ತು ಆಂಪಿಯರ್ ಮಾಪಕದ ತಂತಿಗಳನ್ನೂ ಅದಲುಬದಲು ಮಾಡಬೇಕು. ಡೈನಮೊದ ‘ಎಫ್’ ತುದಿಯನ್ನು ನಿಯಂತ್ರಕದಿಂದ ಬಿಡಿಸಿ, ಬ್ಯಾಟರಿಯ ತಂತಿಯನ್ನು ಅದಕ್ಕೆ ಕ್ಷಣಕಾಲ ಮುಟ್ಟಿಸಿ ಅದರ ಕಾಂತತ್ವದ ದಿಕ್ಕನ್ನು ತಿರುಗಿಸಬೇಕು. ದೀಪಗಳಿಗೂ ಸ್ಟಾರ್ಟರ್ ಮೋಟಾರಿಗೂ ಧ್ರುವದ ಹಂಗಿಲ್ಲ. ಆದರೆ ಹಳೆಯ ಟ್ರಾನ್ಸಿಸ್ಟರ್ ರೇಡಿಯೊ ಇದ್ದರೆ ಅದು ಕೆಡುತ್ತದೆ.

ಡೈನಮೊದ ಬದಲು ಆಲ್ಟರ್ನೇಟರ್ ಹಾಕುವಾಗ ಮುಖ್ಯ ತಂತಿಯ ದಪ್ಪವನ್ನೂ ಲೆಕ್ಕ ಹಾಕಬೇಕು. ಲ್ಯೂಕಾಸಿನ ಸಿ40 ಡೈನಮೊ ಗರಿಷ್ಠ 22 ಆಂಪಿಯರ್ ಕೊಡುತ್ತಿತ್ತು, 16ಎಸಿಆರ್ ಆಲ್ಟರ್ನೇಟರ್ 34 ಆಂಪಿಯರ್ ಕೊಡುತ್ತದೆ. ಡೈನಮೊಗಾಗಿ ಹಾಕಿದ ತಂತಿ ಈ ಹೊರೆಗೆ ಸಾಲದೆ ಹೋಗಬಹುದು.

ಮೂಲಸ್ವರೂಪ ಮತ್ತು ಸುರಕ್ಷತೆ

ಹಳೆಯ ಕಾರಿನ ಮೌಲ್ಯ ಅದರ ಮೂಲಸ್ವರೂಪದಲ್ಲಿದೆ ಎಂಬುದು ಒಂದು ವಾದ. ರಸ್ತೆಗೆ ಇಳಿಯುವ ಕಾರು ಸುರಕ್ಷಿತವಾಗಿರಬೇಕು ಎಂಬುದು ಇನ್ನೊಂದು. ಒಳಗೆ ಪಿವಿಸಿ ತಂತಿ, ಹೊರಗೆ ಹಳೆಯ ಬಣ್ಣಗಳ ನೂಲಿನ ಹೆಣಿಗೆ ಇರುವ ಗೊಂಚಲುಗಳು ಇವೆರಡನ್ನೂ ಹೊಂದಿಸುತ್ತವೆ. ಮುಂದೀಪಗಳಿಗೆ ರಿಲೇ ಮತ್ತು ಪ್ರತ್ಯೇಕ ಫ್ಯೂಸ್, ಬ್ಯಾಟರಿಯ ಬಳಿ ಸಂಪರ್ಕ ಕಡಿಯುವ ಸ್ವಿಚ್ ಇವುಗಳನ್ನು ಹೊರಗೆ ಕಾಣದಂತೆ, ಮೂಲ ತಂತಿಯನ್ನು ಕತ್ತರಿಸದೆ ಸೇರಿಸಬಹುದು. ರಿಲೇ ಇದ್ದಾಗ ಹಳೆಯ ಸ್ವಿಚ್ಚಿನಲ್ಲಿ ಅಲ್ಪ ಪ್ರವಾಹ ಮಾತ್ರ ಹರಿಯುವುದರಿಂದ, ಬದಲಿ ಸಿಗದ ಆ ಸ್ವಿಚ್ಚು ಹೆಚ್ಚು ಕಾಲ ಬಾಳುತ್ತದೆ. ಓಡಿಸದೆ ಪ್ರದರ್ಶನಕ್ಕಷ್ಟೇ ಇಡುವ ಕಾರಿನಲ್ಲಿ ಬ್ಯಾಟರಿ ತೆಗೆದು, ಹಳೆಯ ಗೊಂಚಲನ್ನು ಇದ್ದಂತೆಯೇ ಉಳಿಸುವುದು ಸೂಕ್ತ. ಬದಲಿಸಿದರೂ ಹಳೆಯ ಗೊಂಚಲನ್ನು ಎಸೆಯದೆ ಕಾರಿನ ದಾಖಲೆಯಾಗಿ ಕಾಪಿಡುವುದು ಒಳ್ಳೆಯ ರೂಢಿ.

ಭಾರತದಲ್ಲಿ

ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯನ್ನು ಆಧರಿಸಿದ ಹಿಂದೂಸ್ಥಾನ್ ಅಂಬಾಸಿಡರ್ ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೆ ತಯಾರಾಯಿತು. ಅದರ ಹಳೆಯ ಮಾದರಿಗಳಿಗೆ ಮೇಲಿನ ಬ್ರಿಟಿಷ್ ಪದ್ಧತಿಯ ತಿಳುವಳಿಕೆ ನೆರವಾಗುತ್ತದೆ. ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100 ಆಗಿರುವುದರಿಂದ ಬ್ರಿಟಿಷ್ ಬಣ್ಣಸಂಕೇತವನ್ನು ಅದಕ್ಕೆ ಅನ್ವಯಿಸಲಾಗದು. ಮಳೆಗಾಲದ ತೇವ ಮತ್ತು ನಿಂತ ಕಾರಿನಲ್ಲಿ ತಂತಿ ಕಡಿಯುವ ಇಲಿಗಳು ಇಲ್ಲಿನ ತಂತಿಜಾಲಗಳಿಗೆ ಹೆಚ್ಚುವರಿ ಶತ್ರುಗಳು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ‘ವಿಎ’ ಅಕ್ಷರಗಳುಳ್ಳ ಪ್ರತ್ಯೇಕ ವಿಂಟೇಜ್ ನೋಂದಣಿಯನ್ನು ಕಲ್ಪಿಸಿತು. ವಾಹನ ಮೂಲರೂಪದಲ್ಲಿರಬೇಕು, ಚಾಸಿ, ದೇಹ ಮತ್ತು ಎಂಜಿನಿನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು ಎಂಬುದು ಷರತ್ತು. ಇಂತಹ ವಾಹನಗಳನ್ನು ನಿತ್ಯದ ಅಥವಾ ವಾಣಿಜ್ಯ ಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವಿಕೆ ಮತ್ತು ದುರಸ್ತಿಗಾಗಿ ರಸ್ತೆಗೆ ತರಬಹುದು. ಹೀಗೆ ಅಪರೂಪಕ್ಕೆ ಓಡುವ ಕಾರು ವರ್ಷದ ಬಹುಭಾಗ ಮುಚ್ಚಿದ ಕೊಠಡಿಯಲ್ಲಿ ನಿಂತಿರುವುದರಿಂದ, ಬಳಕೆಯಿಲ್ಲದ ವೇಳೆಯಲ್ಲಿ ಬ್ಯಾಟರಿಯ ಸಂಪರ್ಕವನ್ನು ಕಡಿದಿಡುವುದು ಹೊಸ ತಂತಿಜಾಲವಿದ್ದರೂ ಪಾಲಿಸಬೇಕಾದ ಎಚ್ಚರಿಕೆ.