ಎತ್ತಬೇಕಿರುವುದು ಎರಡೇ ಇಂಚು, ಅಪಾಯ ಮಾತ್ರ ದೊಡ್ಡದು: ಆಂಟೆನಾ ರೋಟೇಟರ್ ಬಿಚ್ಚುವುದು ಹೇಗೆ?

ಗಾಜುವಾಕ: 2014ರ ಅಕ್ಟೋಬರ್ 12ರಂದು ಹುಡ್‌ಹುಡ್ ಚಂಡಮಾರುತ ವಿಶಾಖಪಟ್ಟಣಕ್ಕೆ ಅಪ್ಪಳಿಸಿದಾಗ ನಗರದಲ್ಲಿ ಕರೆಂಟ್ ಹೋಯಿತು, ಮೊಬೈಲ್ ಸಂಪರ್ಕ ಕಡಿತಗೊಂಡಿತು. ಆಗ ಸಂದೇಶ ರವಾನೆಗೆ ನೆರವಾದವರಲ್ಲಿ ಹ್ಯಾಮ್‌ಗಳೂ ಇದ್ದರು. ಹ್ಯಾಮ್‌ಗಳೆಂದರೆ ಕೇಂದ್ರ ಸರ್ಕಾರದ ಪರವಾನಗಿ ಪಡೆದು ಸ್ವಂತ ರೇಡಿಯೋ ಕೇಂದ್ರ ನಡೆಸುವ ಹವ್ಯಾಸಿಗಳು. ಇವರ ಆಂಟೆನಾ ಬೇಕಾದ ದಿಕ್ಕಿಗೆ ತಿರುಗಬೇಕಾದರೆ ಟವರ್ ಮೇಲಿರುವ ರೋಟೇಟರ್ ಸರಿಯಾಗಿರಬೇಕು. ಉಕ್ಕು ಕಾರ್ಖಾನೆಯ ನೆರೆಯ, ಕಡಲಿಗೆ ಹತ್ತಿರದ ಗಾಜುವಾಕದಂಥ ಊರಲ್ಲಿ ಉಪ್ಪುಗಾಳಿಗೆ ಬೋಲ್ಟ್‌ಗಳು ಬೇಗ ತುಕ್ಕು ಹಿಡಿಯುತ್ತವೆ. ಹಾಗಾಗಿ ಒಂದಲ್ಲ ಒಂದು ದಿನ ರೋಟೇಟರ್ ಬಿಚ್ಚುವ ಕೆಲಸ ಬಂದೇ ಬರುತ್ತದೆ.

ಏನಿದು ರೋಟೇಟರ್?

ಟವರ್‌ನ ತುದಿಗಿಂತ ಸುಮಾರು ಒಂದು ಮೀಟರ್ ಕೆಳಗೆ, ಒಳಭಾಗದಲ್ಲಿ ಕೂರಿಸಿರುವ ಮೋಟಾರು ಪೆಟ್ಟಿಗೆಯೇ ರೋಟೇಟರ್. ಅದರ ತಲೆಗೆ ಕಬ್ಬಿಣದ ಕಂಬ, ಅಂದರೆ ಮಾಸ್ಟ್ ಬಿಗಿದಿರುತ್ತದೆ. ಕಂಬ ಟವರ್ ತುದಿಯ ಬೇರಿಂಗ್ ಮೂಲಕ ಮೇಲಕ್ಕೆ ಹೋಗುತ್ತದೆ. ಅದರ ಮೇಲೆ ಆಂಟೆನಾ. ಎರಡು ಇಂಚಿನ ಸಾಧಾರಣ ಜಿಐ ಪೈಪ್ ಮೀಟರ್‌ಗೆ ಸುಮಾರು 5 ಕಿಲೋ ತೂಗುತ್ತದೆ. ಆರು ಮೀಟರ್ ಕಂಬಕ್ಕೆ 30 ಕಿಲೋ. ಆಂಟೆನಾ ಸೇರಿದರೆ ಐವತ್ತರ ಹತ್ತಿರ. ರೋಟೇಟರನ್ನು ಪಕ್ಕಕ್ಕೆ ಎಳೆದು ತೆಗೆಯಲು ಈ ಭಾರವನ್ನು ಒಂದೆರಡು ಇಂಚು ಮೇಲೆತ್ತಿದರೆ ಸಾಕು.

ಎತ್ತುವುದು ಅಷ್ಟೇನೂ ಕಷ್ಟವಲ್ಲ, ಕಾರಿನ ಜಾಕ್ ಸಾಕು. ಕಷ್ಟ ಶುರುವಾಗುವುದು ಎತ್ತಿದ ಮೇಲೆ.

ಕೆಳತುದಿ ಒದೆಯುತ್ತದೆ

ರೋಟೇಟರ್ ಇರುವವರೆಗೆ ಕಂಬಕ್ಕೆ ಎರಡು ಕಡೆ ಹಿಡಿತ: ಮೇಲೆ ಬೇರಿಂಗ್, ಕೆಳಗೆ ರೋಟೇಟರ್. ಕೆಳಗಿನದು ಹೋದ ಕೂಡಲೇ ಕಂಬ ಬೇರಿಂಗ್ ಮೇಲೆ ಏತದಂತೆ ಆಡತೊಡಗುತ್ತದೆ. ಆಂಟೆನಾ ಬೇರಿಂಗ್‌ಗಿಂತ ಎರಡು ಮೀಟರ್ ಮೇಲಿದ್ದು, ಕೆಳತುದಿ ಒಂದು ಮೀಟರ್ ಕೆಳಗಿದ್ದರೆ ಮೇಲಿನ ಗಾಳಿಯ ನೂಕು ಕೆಳಗೆ ದುಪ್ಪಟ್ಟಾಗುತ್ತದೆ.

ಲೆಕ್ಕ ನೋಡಿ. ಗಂಟೆಗೆ 30 ಕಿ.ಮೀ. ಗಾಳಿ ಒಂದು ಚದರ ಮೀಟರ್ ಮೇಲೆ ಹಾಕುವ ಒತ್ತಡ ಸುಮಾರು 4 ಕಿಲೋ. ಆಂಟೆನಾ ಅಷ್ಟು ಗಾಳಿ ಹಿಡಿದರೆ ಕೆಳತುದಿಯಲ್ಲಿ 8 ಕಿಲೋ, ಕೈಯಲ್ಲಿ ಹಿಡಿಯಬಹುದು. ಆದರೆ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. 60 ಕಿ.ಮೀ. ಬೀಸು ಬಂದರೆ ಕೆಳತುದಿ 34 ಕಿಲೋ ಬಲದಲ್ಲಿ ಪಕ್ಕಕ್ಕೆ ಒದೆಯುತ್ತದೆ. ಕೈಬೆರಳು ಇರುವುದೂ ಅಲ್ಲೇ. ಇದರ ಜತೆಗೆ ಆಂಟೆನಾ ಗಿರಗಿಟ್ಟೆಯಂತೆ ತಿರುಗುವ ಭಯ ಬೇರೆ. 14 ಮೆಗಾಹರ್ಟ್ಸ್‌ನ ಪೂರ್ಣ ಅಳತೆಯ ಆಂಟೆನಾದ ಕಡ್ಡಿಗಳು ಸುಮಾರು 10 ಮೀಟರ್ ಉದ್ದ ಇರುತ್ತವೆ.

ಮೊದಲು ಕಟ್ಟಿ, ಆಮೇಲೆ ಬಿಚ್ಚಿ

ರೋಟೇಟರ್ ಮತ್ತು ರೇಡಿಯೋದ ಪ್ಲಗ್ ಕಿತ್ತಿಟ್ಟೇ ಟವರ್ ಹತ್ತಬೇಕು. ಮೇಲೆ ಒಂದು ಬೋಲ್ಟ್ ಮುಟ್ಟುವ ಮೊದಲು ಆಂಟೆನಾದ ಬೂಮ್‌ನ ಎರಡೂ ಬದಿಯನ್ನು ಹಗ್ಗದಿಂದ ಟವರ್ ಕಾಲುಗಳಿಗೆ ಕಟ್ಟಬೇಕು. ರೋಟೇಟರ್‌ಗಿಂತ ತುಸು ಮೇಲೆ, ಕಂಬದ ಸುತ್ತ ಆಡಲಾಗದಂತೆ ಎರಡು ಕಬ್ಬಿಣದ ಪಟ್ಟಿಗಳನ್ನು ಟವರ್‌ಗೆ ಅಡ್ಡಲಾಗಿ ಬಿಗಿಯಬೇಕು. ಕೆಳತುದಿಯ ಒದೆತ ತಡೆಯುವುದು ಇದೇ. ಹಲವರು ಮರೆಯುವುದೂ ಇದನ್ನೇ.

ನಂತರ ಕಂಬಕ್ಕೆ ಎರಡು ಕ್ಲಾಂಪ್. ಒಂದು ಬೇರಿಂಗ್‌ನ ಕೆಳಗೆ. ಟವರ್‌ಗೆ ಬೋಲ್ಟ್ ಹಾಕಿದ ಆಂಗಲ್ ಮೇಲೆ ಜಾಕ್ ಇಟ್ಟು ಇದನ್ನು ಎತ್ತಬೇಕು. ಇನ್ನೊಂದು ಬೇರಿಂಗ್‌ನ ಮೇಲೆ, ಜಾಕ್ ಜಾರಿದರೆ ಕಂಬವನ್ನು ತಡೆಯುವುದಕ್ಕೆ. ಬೇರಿಂಗ್ ಮತ್ತು ರೋಟೇಟರ್ ತಲೆಯ ಬೋಲ್ಟ್ ಸಡಿಲಿಸಿ, ಕಂಬ ಸ್ವಲ್ಪ ಏರಿದಾಗಲೆಲ್ಲ ಮೇಲಿನ ಕ್ಲಾಂಪನ್ನು ಕೆಳಕ್ಕೆ ಸರಿಸಿ ಮತ್ತೆ ಬಿಗಿಯುತ್ತ ಹೋಗಬೇಕು. ಕಂಬ ಬಿದ್ದರೂ ಅರ್ಧ ಇಂಚಿಗಿಂತ ಹೆಚ್ಚು ಬೀಳಬಾರದು. ಬೇರಿಂಗ್‌ನ ಸಣ್ಣ ಬೋಲ್ಟ್‌ಗಳನ್ನೇ ನಂಬಿ ಭಾರ ನಿಲ್ಲಿಸುವುದು ತಪ್ಪು. ಅವು ಇರುವುದು ಕಂಬವನ್ನು ನಡುವೆ ಹಿಡಿಯಲು. ತುಕ್ಕು ಹಿಡಿದ ಪೈಪ್ ಮೇಲಂತೂ ಜಾರುತ್ತವೆ.

ಬಿಚ್ಚಿದ ರೋಟೇಟರನ್ನು ಹಗ್ಗದಲ್ಲೇ ಇಳಿಸಬೇಕು. ಕೆಳಗಿರುವವರು ಹೆಲ್ಮೆಟ್ ಧರಿಸಿ, ಟವರ್ ಬುಡದಿಂದ ದೂರ ನಿಲ್ಲಬೇಕು. ಹತ್ತುವವರಿಗೆ ಸೊಂಟದ ಬೆಲ್ಟ್ ಸಾಲದು. ಎರಡು ಕೊಕ್ಕೆಯ ಪೂರ್ತಿ ಮೈ ಹಾರ್ನೆಸ್ ಇರಬೇಕು. ಒಂದು ಕೊಕ್ಕೆ ತೆಗೆಯುವಾಗ ಇನ್ನೊಂದು ಸಿಕ್ಕಿಯೇ ಇರಬೇಕು. ಆಂಟೆನಾ ಉರುಳಿದರೆ ವಿದ್ಯುತ್ ತಂತಿಗೆ ತಾಗುವಂತಿದ್ದರೆ ಲೈನ್ ಆಫ್ ಮಾಡಿಸದೆ ಕೆಲಸ ಶುರು ಮಾಡುವಂತಿಲ್ಲ.

ಬೆಂಗಳೂರಿನ ಲೆಕ್ಕ ವಿಶಾಖಕ್ಕಿಲ್ಲ

ಭಾರತೀಯ ಮಾನಕ ಐಎಸ್ 875ರ ಪ್ರಕಾರ ಕಟ್ಟಡ ವಿನ್ಯಾಸಕ್ಕೆ ಹಿಡಿಯುವ ಮೂಲ ಗಾಳಿವೇಗ ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರ್, ವಿಶಾಖಪಟ್ಟಣಕ್ಕೆ 50. ಒತ್ತಡದ ಲೆಕ್ಕದಲ್ಲಿ ಇದು ಎರಡು ಪಟ್ಟಿಗೂ ಹೆಚ್ಚು. ಬೆಂಗಳೂರಲ್ಲಿ ತಡೆದ ಟವರ್ ಅಲ್ಲೂ ತಡೆಯುತ್ತದೆ ಎನ್ನುವಂತಿಲ್ಲ. ಹತ್ತುವ ಮೊದಲು ಬುಡದ ಬೋಲ್ಟ್, ವೆಲ್ಡಿಂಗ್ ಸುತ್ತಿಗೆಯಿಂದ ತಟ್ಟಿ ನೋಡಬೇಕು. ಪದರ ಉದುರಿದರೆ ಹತ್ತುವ ಮಾತು ಬಿಟ್ಟು ಬಕೆಟ್ ಇರುವ ಕ್ರೇನ್ ಬಾಡಿಗೆಗೆ ತರಿಸುವುದೇ ಅಗ್ಗ.

ಕರಾವಳಿಯಲ್ಲಿ ಹೊತ್ತೇರಿದಂತೆ ಕಡಲ ಗಾಳಿ ಬೀಸತೊಡಗುತ್ತದೆ. ಬೆಳಗ್ಗೆ ಬೇಗ ಶುರು ಮಾಡಿದರೆ ಒಳ್ಳೆಯದು. ಅಕ್ಟೋಬರ್, ನವೆಂಬರ್ ಚಂಡಮಾರುತದ ಕಾಲವಾದ್ದರಿಂದ ರಿಪೇರಿಯನ್ನು ಅದಕ್ಕೂ ಮೊದಲೇ ಮುಗಿಸಬೇಕು. ಹೊಸ ರೋಟೇಟರ್ ಕೂರಿಸಿದ ಮೇಲೆ ಆಂಟೆನಾವನ್ನು ಉತ್ತರಕ್ಕೆ ಹೊಂದಿಸಿ, ಕೇಬಲ್ ಒಂದು ಸುತ್ತು ತಿರುಗುವಷ್ಟು ಸಡಿಲ ಇದೆಯೇ ಎಂದು ನೋಡಿ ಬೂಮ್‌ನ ಹಗ್ಗ ಬಿಚ್ಚಬೇಕು.