ಬಿಸಿ ಹೊರುವ ಕಬ್ಬಿಣ

ಕೋಲಾರದ ಮಂಡಿಗೆ ಟೊಮೇಟೊ ತರುವ, ಘಟ್ಟದ ಮೇಲಿನಿಂದ ಕರಾವಳಿಗೆ ತರಕಾರಿ ಇಳಿಸುವ, ಸಿಮೆಂಟಿನ ಮೂಟೆಯಿಂದ ಮದುವೆಮನೆಯ ಕೊಪ್ಪರಿಗೆಯವರೆಗೆ ಏನನ್ನು ಹೇರಿದರೂ ಒಲ್ಲೆನೆನ್ನದ ಪಿಕಪ್ ಗಾಡಿಯ ಮುಂದಿನ ಚಕ್ರವನ್ನು ಬಿಚ್ಚಿ ನೋಡಿದರೆ, ಗೇಣಿಗಿಂತ ಸ್ವಲ್ಪ ಹೆಚ್ಚು ಅಗಲವಾದ ಎರಕದ ಕಬ್ಬಿಣದ ಬಿಲ್ಲೆಯೊಂದು ಚಕ್ರದೊಡನೆ ತಿರುಗುವಂತೆ ಕೂಡಿಸಲ್ಪಟ್ಟಿರುವುದೂ, ಅದರ ಅಂಚನ್ನು ಕವಿದು ಹಿಡಿದ ಕ್ಯಾಲಿಪರಿನೊಳಗೆ ಎರಡು ಪ್ಯಾಡುಗಳು ಬಿಲ್ಲೆಯ ಇಕ್ಕೆಲಗಳಿಗೂ ಮುಖಮಾಡಿ ನಿಂತಿರುವುದೂ ಕಾಣುತ್ತದೆ. ಚಾಲಕನು ಪೆಡಲನ್ನು ಮೆಟ್ಟಿದೊಡನೆ ಆ ಒತ್ತಡವನ್ನು ಬ್ರೇಕ್ ಆಯಿಲ್ ಕೊಳವೆಗಳ ಮೂಲಕ ಕ್ಯಾಲಿಪರಿಗೆ ಮುಟ್ಟಿಸುತ್ತದೆ. ಪ್ಯಾಡುಗಳು ಡಿಸ್ಕ್ ಎನಿಸುವ ಆ ಬಿಲ್ಲೆಯನ್ನು ಅಮುಕುತ್ತವೆ. ಘರ್ಷಣೆಯಿಂದ ಗಾಡಿ ನಿಲ್ಲುತ್ತದೆ. ಇಷ್ಟು ಸರಳವಾದ ಯಂತ್ರದಲ್ಲಿ ಆರಿಸುವುದಕ್ಕೆ ಏನಿದೆ ಎಂದು ತೋರುವುದು ಸಹಜ. ಆದರೆ ಸವೆದ ಡಿಸ್ಕು ಪ್ಯಾಡುಗಳಿಗೆ ಬದಲಿ ಕೊಳ್ಳಲೆಂದು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯ ಮುಂದೆ ನಿಂತವನಿಗೆ, ಕಂಪನಿಯ ಮಾಲು, ಅದಕ್ಕಿಂತ ಅಗ್ಗದ ಮಾಲು, ತೂತು ಕೊರೆದದ್ದು, ಗೀರು ಹಾಕಿದ್ದು, ಲೇಪನ ಬಳಿದದ್ದು, ಸೆರಾಮಿಕ್, ಮೆಟಾಲಿಕ್ ಎಂದು ನಾನಾ ಬಗೆಗಳು ಎದುರಾದಾಗ, ಯಾವ ಗುಣವನ್ನು ಮುಂದಿಟ್ಟುಕೊಂಡು ಆರಿಸಬೇಕೆಂಬ ಪ್ರಶ್ನೆ ಏಳದೆ ಇರದು. ಗಾಡಿಯ ವೇಗವು ಶಾಖವಾಗಿ ಮಾರ್ಪಟ್ಟಾಗ ಅದನ್ನು ಹೊರುವ ಸಾಮರ್ಥ್ಯವೇ ಆ ಗುಣ. ಮಿಕ್ಕವೆಲ್ಲ ಅದರ ಹಿಂದೆ ಬರತಕ್ಕವು.

ಶಕ್ತಿಗೆ ನಾಶವಿಲ್ಲ, ರೂಪಾಂತರ ಮಾತ್ರವುಂಟು ಎಂಬ ನಿಯಮವನ್ನು ಬ್ರೇಕಿನಷ್ಟು ನಿಷ್ಠುರವಾಗಿ ಪಾಲಿಸುವ ಯಂತ್ರ ಇನ್ನೊಂದಿಲ್ಲ. ಹೊರೆಸಹಿತ 3000 ಕಿಲೋಗ್ರಾಂ ತೂಗುವ ಪಿಕಪ್ಪೊಂದು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಅದರಲ್ಲಿ ತುಂಬಿರುವ ಚಲನಶಕ್ತಿ ಸುಮಾರು 7.4 ಲಕ್ಷ ಜೂಲ್. ಎರಡು ಲೀಟರಿಗೂ ಮಿಕ್ಕ ನೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಸಾಕು. ವೇಗವು ಅರ್ಧಕ್ಕಿಳಿದರೆ ಈ ಶಕ್ತಿ ಕಾಲುಭಾಗಕ್ಕೆ ಇಳಿಯುವುದರಿಂದ, 80ರಿಂದ 40ಕ್ಕೆ ಇಳಿಯುವಷ್ಟರಲ್ಲಿಯೇ ಮುಕ್ಕಾಲು ಪಾಲು ಶಾಖವು ಬ್ರೇಕುಗಳ ಪಾಲಿಗೆ ಬಂದಾಗಿರುತ್ತದೆ. ಇದು ಸಮತಲದ ಮಾತು. ಅದೇ ಗಾಡಿ ಆಗುಂಬೆಯಂಥ ಘಟ್ಟದಲ್ಲಿ 500 ಮೀಟರಿನಷ್ಟು ಎತ್ತರವನ್ನು ಇಳಿಯುವಾಗ ಭೂಮಿಯ ಆಕರ್ಷಣೆಯು ಅದಕ್ಕೆ ಕೊಡುವ ಶಕ್ತಿ 147 ಲಕ್ಷ ಜೂಲ್, ಅಂದರೆ ಹಿಂದೆ ಹೇಳಿದಂಥ ಇಪ್ಪತ್ತು ನಿಲುಗಡೆಗಳಿಗೆ ಸಮ. ಕೆಳಗಿನ ಗೇರಿನಲ್ಲಿ ಇಳಿಯುವವನು ಇದರಲ್ಲಿ ದೊಡ್ಡ ಪಾಲನ್ನು ಎಂಜಿನ್ನಿಗೆ ಒಪ್ಪಿಸುತ್ತಾನೆ. ಡೀಸೆಲ್ ಉಳಿಯಲೆಂದು ನ್ಯೂಟ್ರಲ್ಲಿಗೆ ಹಾಕಿ ಇಳಿಯುವವನು ಅಷ್ಟನ್ನೂ ಕಬ್ಬಿಣದ ಮೇಲೆ ಹೇರುತ್ತಾನೆ.

ಬ್ರೇಕು ಹಾಕಿದಾಗ ಗಾಡಿಯ ಭಾರವು ಮುಂದಕ್ಕೆ ವಾಲುವುದರಿಂದ ಶಾಖದ ಹೆಚ್ಚಿನ ಪಾಲು ಮುಂದಿನ ಚಕ್ರಗಳಿಗೆ ಬೀಳುತ್ತದೆ. ಆ ಪಾಲನ್ನು ನೂರಕ್ಕೆ 70 ಎಂದಿಟ್ಟುಕೊಂಡರೆ, 80ರ ವೇಗದಿಂದ ಒಮ್ಮೆ ನಿಂತಾಗ ಮುಂದಿನ ಒಂದೊಂದು ಡಿಸ್ಕಿಗೂ 2.6 ಲಕ್ಷ ಜೂಲ್ ಬಂದಂತಾಯಿತು. ಒಂದು ಕಿಲೋಗ್ರಾಂ ಕಬ್ಬಿಣವನ್ನು ಒಂದು ಡಿಗ್ರಿ ಬಿಸಿಮಾಡಲು ಸುಮಾರು 500 ಜೂಲ್ ಬೇಕಾಗಿರುವುದರಿಂದ, 8 ಕಿಲೋಗ್ರಾಂ ತೂಕದ ಡಿಸ್ಕು ಈ ಒಂದು ನಿಲುಗಡೆಯಲ್ಲಿ 65 ಡಿಗ್ರಿ ಬಿಸಿಯೇರುತ್ತದೆ. ಅದೇ ಅಳತೆಯದಾಗಿದ್ದು 6 ಕಿಲೋಗ್ರಾಂ ಮಾತ್ರ ತೂಗುವ ಡಿಸ್ಕಾದರೆ 87 ಡಿಗ್ರಿ ಏರುತ್ತದೆ. ಒಂದರ ಹಿಂದೊಂದು ನಾಲ್ಕು ಬಾರಿ ನಿಲ್ಲಿಸಬೇಕಾಗಿ ಬಂದಾಗ ಭಾರವಾದ ಡಿಸ್ಕು ಇನ್ನೂ ತಾಳಿಕೊಂಡಿರುತ್ತದೆ, ಹಗುರವಾದದ್ದು ಪ್ಯಾಡಿನ ಸಹನೆಯ ಮೇರೆಯನ್ನು ಮುಟ್ಟಿರುತ್ತದೆ. ಅಗ್ಗದ ಡಿಸ್ಕು ಅಗ್ಗವಾಗುವುದು ಬಹುಮಟ್ಟಿಗೆ ಒಳಗಿನ ಕಬ್ಬಿಣವನ್ನು ಉಳಿಸುವುದರಿಂದಲೇ. ಭಾರದ ಗಾಡಿಯ ಮುಂದಿನ ಡಿಸ್ಕು ಒಂದೇ ಗಟ್ಟಿ ಬಿಲ್ಲೆಯಲ್ಲ. ಎರಡು ಬಿಲ್ಲೆಗಳ ನಡುವೆ ಅಡ್ಡಪಟ್ಟಿಗಳ ಸಾಲಿದ್ದು, ತಿರುಗುವಾಗ ಗಾಳಿಯನ್ನು ನಡುವಿನಿಂದ ಸೆಳೆದು ಅಂಚಿನಿಂದ ಹೊರಕ್ಕೆ ಎಸೆಯುವಂತೆ ಅದರ ರಚನೆಯಿರುತ್ತದೆ. ಆ ಬಿಲ್ಲೆಗಳ ದಪ್ಪವನ್ನೂ ಪಟ್ಟಿಗಳ ಸಂಖ್ಯೆಯನ್ನೂ ಕಡಿಮೆ ಮಾಡಿದರೂ ಹೊರಗಿನ ಅಳತೆ ಅಷ್ಟೇ ಇರುವುದರಿಂದ ಗಿರಾಕಿಯ ಕಣ್ಣಿಗೆ ವ್ಯತ್ಯಾಸ ಬೀಳುವುದಿಲ್ಲ. ಆದಕಾರಣ ಎರಡು ಡಿಸ್ಕುಗಳ ನಡುವೆ ಆರಿಸಬೇಕಾದವನು ಅಂಚಿನ ಸಂದಿನೊಳಗೆ ಒಮ್ಮೆ ಇಣುಕಿ ಪಟ್ಟಿಗಳನ್ನೆಣಿಸಿ, ಬಳಿಕ ಎರಡನ್ನೂ ತಕ್ಕಡಿಗಿಟ್ಟು ತೂಗಿಸುವುದು ಯುಕ್ತ. ಅಂಗಡಿಯವನು ನಕ್ಕರೆ ನಗಲಿ.

ಈ ಕೆಲಸಕ್ಕೆ ಉಕ್ಕನ್ನು ಬಿಟ್ಟು ಬೂದು ಎರಕದ ಕಬ್ಬಿಣವನ್ನೇ ನೆಚ್ಚಿರುವುದಕ್ಕೆ ಕಾರಣವುಂಟು. ಅದರಲ್ಲಿ ನೂರಕ್ಕೆ ಮೂರು ಪಾಲಿಗೂ ಮಿಕ್ಕು ಇಂಗಾಲವಿದ್ದು, ಅದು ಗ್ರಾಫೈಟಿನ ಚಕ್ಕೆಗಳಾಗಿ ಕಬ್ಬಿಣದೊಳಗೆ ಹರಡಿಕೊಂಡಿರುತ್ತದೆ. ಆ ಚಕ್ಕೆಗಳು ಶಾಖವನ್ನು ಬೇಗನೆ ಒಳಕ್ಕೆ ಸಾಗಿಸುತ್ತವೆ, ಕಂಪನವನ್ನು ನುಂಗಿ ಸದ್ದನ್ನೂ ತಗ್ಗಿಸುತ್ತವೆ. ಡಿಸ್ಕಿನ ಮುಖಕ್ಕೆ ಕೊರೆಯುವ ತೂತುಗಳು ನೋಟಕ್ಕೆ ಸೊಗಸಾದರೂ, ಹಳೆಯ ಪ್ಯಾಡುಗಳು ಕಾದಾಗ ಹೊಮ್ಮುತ್ತಿದ್ದ ಅನಿಲಕ್ಕೆ ದಾರಿಮಾಡಿಕೊಡುವುದು ಅವುಗಳ ಮೂಲ ಉದ್ದೇಶಗಳಲ್ಲೊಂದಾಗಿತ್ತು. ಇಂದಿನ ಪ್ಯಾಡುಗಳಲ್ಲಿ ಆ ತೊಂದರೆ ಬಹಳ ಕಡಿಮೆ. ಅಲ್ಲದೆ ಕಾಯುತ್ತ ತಣಿಯುತ್ತ ಹೋಗುವ ಕಬ್ಬಿಣದಲ್ಲಿ ಬಿರುಕು ಮೊದಲು ಹುಟ್ಟುವುದು ತೂತಿನ ಅಂಚಿನಲ್ಲಿ. ಹೊರೆ ಹೊರುವ ಗಾಡಿಗೆ ಅವು ಸಲ್ಲವು. ಮುಖದ ಮೇಲೆ ತೋಡಿದ ಗೀರುಗಳು ಅಷ್ಟು ಅಪಾಯಕರವಲ್ಲ. ಪ್ಯಾಡಿನ ಮುಖವನ್ನು ಹೆರೆದು ನೀರನ್ನೂ ಪುಡಿಯನ್ನೂ ಹೊರಹಾಕುತ್ತವೆ, ಆದರೆ ಪ್ಯಾಡು ಸ್ವಲ್ಪ ಬೇಗ ಸವೆಯುತ್ತದೆ. ತುಕ್ಕು ಹಿಡಿಯದಂತೆ ಸತುವಿನಂಥ ಲೇಪನ ಕೊಟ್ಟ ಡಿಸ್ಕಿಗೆ ಮಾತ್ರ ಮಂಗಳೂರು ಕಾರವಾರಗಳ ಉಪ್ಪುಗಾಳಿಯಲ್ಲಿ ಓಡಾಡುವವರು ಹೆಚ್ಚು ಹಣ ಕೊಟ್ಟರೆ ವ್ಯರ್ಥವಾಗದು. ಉಜ್ಜುವ ಭಾಗದ ಲೇಪನ ಬೇಗನೆ ಹೋದರೂ, ನಡುವಿನ ಭಾಗವೂ ಗಾಳಿಸಂದುಗಳೂ ಬಹುಕಾಲ ತುಕ್ಕಿಲ್ಲದೆ ಉಳಿಯುತ್ತವೆ.

ಹಳೆಯ ಡಿಸ್ಕನ್ನೇ ಲೇತಿಗೆ ಕೊಟ್ಟು ಹೆರೆಸಿ ಮತ್ತೆ ಹಾಕಿಸುವ ವಾಡಿಕೆ ನಮ್ಮಲ್ಲಿ ಸಾಮಾನ್ಯ. ಅದು ತಪ್ಪಲ್ಲ, ಆದರೆ ಅದಕ್ಕೊಂದು ಮೇರೆಯುಂಟು. ಸಾಮಾನ್ಯವಾಗಿ ಡಿಸ್ಕಿನ ಮೈಮೇಲೆಯೇ ಅದರ ಕನಿಷ್ಠ ದಪ್ಪವನ್ನು ಮಿಲಿಮೀಟರುಗಳಲ್ಲಿ ಅಚ್ಚೊತ್ತಿರುತ್ತಾರೆ. ಹೆರೆದ ಮೇಲೆ ಉಳಿಯುವ ದಪ್ಪವು ಆ ಅಂಕಿಗೆ ಸಮೀಪಿಸುವಂತಿದ್ದರೆ, ಹೆರೆಸಿದ ಹಣವೂ ಹೋಯಿತು, ಶಾಖವನ್ನು ಹೊರುವ ಕಬ್ಬಿಣವೂ ಹೋಯಿತು.

ಇನ್ನು ಪ್ಯಾಡಿನ ವಿಚಾರ. ಡಿಸ್ಕು ಬ್ರೇಕಿಗೆ ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರನು 1902ರಲ್ಲಿಯೇ ಪೇಟೆಂಟ್ ಪಡೆದಿದ್ದರೂ, ಅವನು ಬಳಸಿದ ತಾಮ್ರದ ಪ್ಯಾಡುಗಳು ಲೋಹದ ಬಿಲ್ಲೆಯ ಮೇಲೆ ಕಿವಿಗಡಚಿಕ್ಕುವಂತೆ ಕಿರುಚುತ್ತಿದ್ದುದರಿಂದ ಆ ಯುಕ್ತಿ ಬಹುಕಾಲ ಮೂಲೆಗುಂಪಾಯಿತು. ಅದೇ ದೇಶದ ಹರ್ಬರ್ಟ್ ಫ್ರೂಡನು ಘರ್ಷಣೆಯ ಸಾಮಗ್ರಿಯನ್ನೇ ಬೇರೆಯಾಗಿ ತಯಾರಿಸುವ ಉದ್ಯಮವನ್ನು 1897ರಲ್ಲಿ ಆರಂಭಿಸಿ, ಮುಂದೆ ಕಲ್ನಾರನ್ನು ಬಳಕೆಗೆ ತಂದನು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಪಂದ್ಯವನ್ನು ಡಿಸ್ಕು ಬ್ರೇಕುಗಳಿದ್ದ ಜಾಗ್ವಾರ್ ಕಾರು ಗೆದ್ದ ಮೇಲೆ, ದೀರ್ಘಕಾಲ ಬಿಸಿಯನ್ನು ತಾಳುವುದರಲ್ಲಿ ಡ್ರಮ್ ಬ್ರೇಕಿಗಿಂತ ಡಿಸ್ಕೇ ಮೇಲೆಂಬುದು ಲೋಕಕ್ಕೆಲ್ಲ ಮನವರಿಕೆಯಾಯಿತು. ಕಲ್ನಾರು ಶಾಖವನ್ನು ಚೆನ್ನಾಗಿ ತಾಳುತ್ತಿತ್ತು. ಆದರೆ ಅದರ ಧೂಳು ಶ್ವಾಸಕೋಶಕ್ಕೆ ಮೃತ್ಯುಪ್ರಾಯವೆಂದು ತಿಳಿದ ಮೇಲೆ ಅನೇಕ ದೇಶಗಳು ಅದನ್ನು ನಿಷೇಧಿಸಿದವು. ಹಳೆಯ ಪ್ಯಾಡು, ಡ್ರಮ್ ಬ್ರೇಕಿನ ಶೂಗಳ ಪುಡಿಯನ್ನು ಗಾಳಿಯ ಪೈಪಿನಿಂದ ಊದಿ ಹಾರಿಸುವ ಅಭ್ಯಾಸವನ್ನು ನಮ್ಮ ಗ್ಯಾರೇಜುಗಳು ಬಿಡಬೇಕಾದುದೂ ಇದೇ ಕಾರಣಕ್ಕೆ.

ಇಂದಿನ ಪ್ಯಾಡುಗಳು ನಾರು, ಲೋಹದ ಪುಡಿ, ಗ್ರಾಫೈಟು, ಖನಿಜಗಳು ಮುಂತಾದುವನ್ನು ರಾಳದಿಂದ ಬೆಸೆದ ಮಿಶ್ರಣಗಳು. ಲೋಹ ಕಡಿಮೆಯಿದ್ದು ಸಾವಯವ ನಾರುಗಳು ಹೆಚ್ಚಿರುವ ಬಗೆ ಮೆದು, ನಿಶ್ಶಬ್ದ. ಊರೊಳಗಿನ ಹಗುರವಾದ ಓಡಾಟಕ್ಕೆ ಸಾಕು, ಘಟ್ಟಕ್ಕೆ ಸಾಲದು. ಸೆರಾಮಿಕ್ ಬಗೆಯಲ್ಲಿ ಧೂಳು ಕಡಿಮೆ, ಸದ್ದು ಕಡಿಮೆ, ಬಾಳಿಕೆ ಹೆಚ್ಚು. ಕಾರಿಗೆ ಅದು ಒಪ್ಪುತ್ತದೆ. ಉಕ್ಕಿನ ನಾರು, ಕಬ್ಬಿಣದ ಪುಡಿಗಳನ್ನು ಧಾರಾಳವಾಗಿ ಸೇರಿಸಿದ ಸೆಮಿ-ಮೆಟಾಲಿಕ್ ಬಗೆಯು ಸ್ವಲ್ಪ ಗದ್ದಲ ಮಾಡುವುದೂ, ಚಕ್ರಕ್ಕೆ ಮಸಿ ಬಳಿಯುವುದೂ, ಡಿಸ್ಕನ್ನು ತುಸು ಬೇಗ ಸವೆಸುವುದೂ ನಿಜ. ಆದರೆ ಬಿಸಿಯೇರಿದಷ್ಟೂ ಹಿಡಿತವನ್ನು ಬಿಡದಿರುವುದರಲ್ಲಿ, ಹೊರೆ ಹೇರಿ ಇಳಿಜಾರು ಇಳಿಯುವ ಗಾಡಿಗೆ ಅದೇ ಹೆಚ್ಚು ನಂಬಿಕೆಗೆ ಅರ್ಹ. ಪ್ಯಾಡನ್ನು ಬೆಸೆದಿರುವ ರಾಳವು ಸುಮಾರು 300 ಡಿಗ್ರಿಯನ್ನು ದಾಟಿದ ಮೇಲೆ ವಿಘಟನೆ ಹೊಂದತೊಡಗುತ್ತದೆ. ಆಗ ಪೆಡಲು ಗಟ್ಟಿಯಾಗಿಯೇ ಇದ್ದರೂ, ಎಷ್ಟು ಬಲವಾಗಿ ಮೆಟ್ಟಿದರೂ, ಗಾಡಿ ಮುಂದಕ್ಕೆ ಸಾಗುತ್ತಲೇ ಇರುವ ಭಯಂಕರ ಸ್ಥಿತಿ ಒದಗುತ್ತದೆ.

ಈ ಗುಣವನ್ನು ಅಂಗಡಿಯಲ್ಲಿಯೇ ಒಂದಿಷ್ಟು ಅಂದಾಜು ಮಾಡುವ ಉಪಾಯವೊಂದಿದೆ. ಅಮೆರಿಕದ ಪದ್ಧತಿಯನ್ನು ಅನುಸರಿಸುವ ತಯಾರಕರು ಪ್ಯಾಡಿನ ಅಂಚಿನಲ್ಲಿ ಅಚ್ಚೊತ್ತುವ ಸಂಕೇತದ ಕೊನೆಯಲ್ಲಿ ಎರಡು ಅಕ್ಷರಗಳಿರುತ್ತವೆ. ಮೊದಲನೆಯದು ಕಡಿಮೆ ಬಿಸಿಯಲ್ಲಿನ ಘರ್ಷಣೆಯನ್ನೂ ಎರಡನೆಯದು ಹೆಚ್ಚು ಬಿಸಿಯಲ್ಲಿನ ಘರ್ಷಣೆಯನ್ನೂ ಸೂಚಿಸುತ್ತದೆ. ಘರ್ಷಣಾಂಕವು 0.25ರಿಂದ 0.35ರವರೆಗಿದ್ದರೆ 'ಇ', 0.45ರವರೆಗಿದ್ದರೆ 'ಎಫ್', 0.55ರವರೆಗಿದ್ದರೆ 'ಜಿ'. ಎರಡನೆಯ ಅಕ್ಷರವು ಮೊದಲನೆಯದಕ್ಕಿಂತ ಕೆಳಗಿಳಿದಿದ್ದರೆ, ಬಿಸಿಯಾದಾಗ ಆ ಪ್ಯಾಡು ಕೈಬಿಡುತ್ತದೆಂದು ತಿಳಿಯಬೇಕು. ಹಾಗೆಂದು ಅತಿ ಹೆಚ್ಚು ಘರ್ಷಣೆಯುಳ್ಳದ್ದನ್ನೇ ಹುಡುಕುವುದೂ ಜಾಣತನವಲ್ಲ. ಮುಂದು ಹಿಂದಿನ ಚಕ್ರಗಳಿಗೆ ಗಾಡಿಯ ತಯಾರಕನು ಲೆಕ್ಕಹಾಕಿ ಹಂಚಿರುವ ಹಿಡಿತದ ಪ್ರಮಾಣ ಅದರಿಂದ ಕೆಡುತ್ತದೆ. ಶಾಖವನ್ನು ಬೇಗ ಹರಡುವ ತಾಮ್ರವೂ ಒಂದು ಕಾಲಕ್ಕೆ ಪ್ಯಾಡುಗಳಲ್ಲಿ ಯಥೇಚ್ಛವಾಗಿತ್ತು. ರಸ್ತೆಗೆ ಉದುರಿದ ಅದರ ಪುಡಿ ಮಳೆನೀರಿನೊಡನೆ ಹೊಳೆ ಸೇರಿ ಸಾಲ್ಮನ್ ಮೀನುಗಳ ಘ್ರಾಣಶಕ್ತಿಯನ್ನೇ ಕುಂದಿಸುತ್ತದೆಂದು ಕಂಡುಬಂದ ಮೇಲೆ, ಕ್ಯಾಲಿಫೋರ್ನಿಯದ ಶಾಸನವು ಅದನ್ನು 2021ರಿಂದ ತೂಕದ ನೂರಕ್ಕೆ 5 ಪಾಲಿಗೂ, 2025ರಿಂದ ಅರ್ಧ ಪಾಲಿಗೂ ಮಿತಗೊಳಿಸಿತು.

ಆಯ್ಕೆ ಎಷ್ಟೇ ಉತ್ತಮವಾಗಿದ್ದರೂ ಜೋಡಣೆ ಕೆಟ್ಟರೆ ಫಲವಿಲ್ಲ. ಡಿಸ್ಕನ್ನಾಗಲಿ ಪ್ಯಾಡನ್ನಾಗಲಿ ಎಡಬಲಗಳೆರಡಕ್ಕೂ ಒಟ್ಟಿಗೆ ಬದಲಾಯಿಸಬೇಕು, ಇಲ್ಲವಾದರೆ ಬ್ರೇಕು ಹಾಕಿದಾಗ ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಹಬ್ಬಿನ ಮೇಲಿನ ತುಕ್ಕನ್ನು ಉಜ್ಜಿ ತೆಗೆಯದೆ ಹೊಸ ಡಿಸ್ಕನ್ನು ಕೂಡಿಸಿದರೆ ಅದು ಕೂದಲೆಳೆಯಷ್ಟು ಓರೆಯಾಗಿ ತಿರುಗುತ್ತದೆ. ಕಾಲಕ್ರಮದಲ್ಲಿ ಡಿಸ್ಕಿನ ದಪ್ಪದಲ್ಲಿ ಮಿಲಿಮೀಟರಿನ ನೂರನೆಯ ಒಂದೆರಡು ಭಾಗದಷ್ಟು ಏರುಪೇರು ಹುಟ್ಟಿದರೂ ಸಾಕು, ಪೆಡಲೂ ಸ್ಟಿಯರಿಂಗೂ ನಡುಗುತ್ತವೆ. ಡಿಸ್ಕು ಸೊಟ್ಟಗಾಯಿತೆಂದು ಜನ ದೂರುವುದು ಅನೇಕ ವೇಳೆ ಈ ಏರುಪೇರನ್ನೇ, ಅಥವಾ ಮೇಲ್ಮೈಗೆ ಅಲ್ಲಲ್ಲಿ ಮೆತ್ತಿಕೊಂಡ ಪ್ಯಾಡಿನ ಪದಾರ್ಥವನ್ನೇ. ಹೊಸ ಕಾವಲಿಯನ್ನು ಎಣ್ಣೆ ಸವರಿ ಹದವಾಗಿ ಕಾಯಿಸಿ ಪಳಗಿಸಿದ ಮೇಲೆಯೇ ದೋಸೆ ಸರಿಯಾಗಿ ಏಳುವಂತೆ, ಪ್ಯಾಡಿನ ಪದಾರ್ಥವು ತೆಳ್ಳನೆಯ ಪೊರೆಯಾಗಿ ಡಿಸ್ಕಿನ ಮೇಲೆ ಸಮನಾಗಿ ಹರಡಿದ ಮೇಲೆಯೇ ಎರಡರ ಹಿಡಿತವೂ ಪಕ್ವವಾಗುವುದು. ಅದಕ್ಕಾಗಿ ತೆರವಾದ ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರಿನಿಂದ 10ರವರೆಗೆ, ಪೂರ್ತಿ ನಿಲ್ಲಿಸದೆ, ನಡುನಡುವೆ ತಣಿಯಲು ಬಿಡುತ್ತ, ಹತ್ತಾರು ಬಾರಿ ವೇಗವನ್ನು ಇಳಿಸುವುದು ವಿಹಿತ. ಎಣ್ಣೆ ಮಾತ್ರ ಇಲ್ಲಿ ವರ್ಜ್ಯ. ಹೊಸ ಡಿಸ್ಕಿನ ಮೇಲೆ ತುಕ್ಕು ಬಾರದಿರಲೆಂದು ಸವರಿದ ಎಣ್ಣೆಯನ್ನು ಕ್ಲೀನರಿನಿಂದ ಮೊದಲೇ ಒರೆಸಿಬಿಡಬೇಕು.

ಇದೇ ಶಾಖವು ಕ್ಯಾಲಿಪರನ್ನು ದಾಟಿ ಬ್ರೇಕ್ ಆಯಿಲ್ಲನ್ನೂ ಮುಟ್ಟುತ್ತದೆ. ಡಾಟ್ 3 ದರ್ಜೆಯ ದ್ರವವು ಹೊಸದಾಗಿದ್ದಾಗ 205 ಡಿಗ್ರಿಯವರೆಗಾದರೂ ಕುದಿಯದೆ ಇರಬೇಕೆಂಬುದು ನಿಯಮ. ಗಾಳಿಯ ತೇವವನ್ನು ಹೀರಿ ಹಳತಾದ ಮೇಲೆ ಅದಕ್ಕೆ ವಿಧಿಸಿದ ಮಿತಿ ಕೇವಲ 140. ಡಾಟ್ 4ಕ್ಕೆ ಈ ಅಂಕಿಗಳು 230 ಮತ್ತು 155. ದ್ರವವು ಕುದಿದರೆ ಕೊಳವೆಯಲ್ಲಿ ಆವಿ ತುಂಬಿ ಪೆಡಲು ನೆಲಕ್ಕೆ ಕುಸಿಯುತ್ತದೆ. ಹೊಸ ಡಿಸ್ಕು ಪ್ಯಾಡುಗಳಿಗೆ ಸಾವಿರಾರು ರೂಪಾಯಿ ತೆತ್ತು ವರ್ಷಾಂತರದ ಆಯಿಲ್ಲನ್ನು ಹಾಗೆಯೇ ಉಳಿಸುವುದು ವಿವೇಕವಲ್ಲ. ನಮ್ಮ ಅನೇಕ ಪಿಕಪ್ಪುಗಳ ಹಿಂದಿನ ಚಕ್ರಗಳಲ್ಲಿ ಡ್ರಮ್ಮುಗಳೇ ಇದ್ದು, ಹೊರೆಗೆ ತಕ್ಕಂತೆ ಅವುಗಳ ಒತ್ತಡವನ್ನು ಹೆಚ್ಚುಕಡಿಮೆ ಮಾಡುವ ವಾಲ್ವೊಂದು ಹಿಂದಿನ ಆಕ್ಸಲಿಗೆ ಹೊಂದಿಕೊಂಡಿರುತ್ತದೆ. ಅದು ಕೆಟ್ಟಿದ್ದರೆ ಅಥವಾ ಶೂಗಳು ಸವೆದಿದ್ದರೆ ಹಿಂದಿನ ಪಾಲಿನ ಕೆಲಸವೂ ಮುಂದಿನ ಡಿಸ್ಕುಗಳ ತಲೆಗೇ ಬರುತ್ತದೆ, ಮತ್ತು ಅವು ಅಕಾಲದಲ್ಲಿ ಸವೆದುದಕ್ಕೆ ಕಾರಣವನ್ನು ನಾವು ಮುಂದೆಯೇ ಹುಡುಕುತ್ತಿರುತ್ತೇವೆ.

ಹೀಗಿರುವಲ್ಲಿ ಗಾಡಿಯ ಒಡೆಯನು ಮೊದಲು ಕೇಳಿಕೊಳ್ಳಬೇಕಾದುದು ತಾನು ಎಷ್ಟು ಹೇರುತ್ತೇನೆ, ಯಾವ ರಸ್ತೆಯಲ್ಲಿ ಇಳಿಯುತ್ತೇನೆ ಎಂಬುದನ್ನು. ಅಂಗಡಿಯವನೊಡನೆ ಬೆಲೆಯ ಮಾತು ಆಮೇಲೆ. ಬಯಲುಸೀಮೆಯ ಪೇಟೆಯೊಳಗೆ ಹಾಲಿನ ಕ್ರೇಟು ಹೊತ್ತು ಓಡಾಡುವವನಿಗೆ ಗಾಡಿಯೊಡನೆ ಬಂದಂಥದೇ ಸಾದಾ ಡಿಸ್ಕೂ ಸಾಧಾರಣ ಪ್ಯಾಡೂ ಧಾರಾಳವಾಗಿ ಸಾಕು. ವಾರಕ್ಕೆ ಹಲವು ಬಾರಿ ಹೊರೆಯೊಡನೆ ಘಟ್ಟ ಇಳಿಯುವವನು ಪೂರ್ಣ ತೂಕದ ಗಾಳಿಸಂದಿನ ಡಿಸ್ಕು, ಸೆಮಿ-ಮೆಟಾಲಿಕ್ ಪ್ಯಾಡು, ಹೊಸ ಆಯಿಲ್ ಈ ಮೂರನ್ನೂ ಒಟ್ಟಿಗೆ ಹಾಕಿಸತಕ್ಕದ್ದು. ಹಣ ಉಳಿಸುವ ಮನಸ್ಸಿದ್ದರೆ ತೂತು ಗೀರುಗಳಲ್ಲಿ ಉಳಿಸಲಿ, ಹೊಳಪಿನಲ್ಲಿ ಉಳಿಸಲಿ. ಕಬ್ಬಿಣದ ತೂಕದಲ್ಲಿ ಬೇಡ.